ನಮ್ಮಲ್ಲೊಬ್ಬಳಿಗೆ ದದ್ದು ಎದ್ದಿದೆ

ಜನವರಿ 9

ಅಕ್ಕಾ,

ಜೇನುಪೆಟ್ಟಿಗೆಗಳು ಬಂದು ಸೇರಿದವು. ಇವರ ಹಾಲಿನ ಗಾಡಿಯಲ್ಲಿ, ಖಾಲಿ ಕ್ಯಾನುಗಳ ನಡುವೆ, ಹಳೇ ಚಾದರ ಹೊದ್ದುಕೊಂಡು ಹೊಸ ಮದುಮಗಳ ಹಾಗೆ ಸದ್ದಿಲ್ಲದೆ ಬಂದವು. ದಾರಿಯುದ್ದಕ್ಕೂ ಎರಡನೇ ಗೇರ್ ದಾಟಲಿಲ್ಲವಂತೆ ಇವರು. "ನನ್ನನ್ನ ಕರ್ಕೊಂಡು ಬರುವಾಗ ಇಷ್ಟು ನಿಧಾನ ಬಂದಿರ್ಲಿಲ್ಲ ನೀವು" ಅಂದೆ. "ನೀನೂ ಕಚ್ತೀಯ ಅಂತ ಆಗ ಗೊತ್ತಿರ್ಲಿಲ್ಲ" ಅಂದರು.

ನಾಲ್ಕನ್ನೂ ಅಡುಗೆಮನೆಯ ಹಿಂದೆ, ಸಾಸಿವೆ ಹೊಲಕ್ಕೆ ಮುಖ ಮಾಡಿ ಇಟ್ಟಿದ್ದೇನೆ. ನೀನು ಹೇಳಿದ ಹಾಗೆ ಕಾಲುಗಳ ಕೆಳಗೆ ನೀರಿನ ಬಟ್ಟಲು, ಇರುವೆ ಹತ್ತಬಾರದಲ್ಲ. ಅತ್ತೆ ಬಾಗಿಲಲ್ಲೇ ನಿಂತು, "ಜನ ಹಸು ಸಾಕ್ತಾರೆ, ಕೋಳಿ ಸಾಕ್ತಾರೆ. ಕಚ್ಚೋ ಹುಳ ಸಾಕಿ ಬದುಕ್ತೀನಿ ಅನ್ನೋಳು ನೀನೊಬ್ಬಳೇ. ನಿಮ್ಮಕ್ಕಂಗೆ ಬೇರೆ ಕೆಲ್ಸ ಇಲ್ವಾ?" ಅಂದರು. ಇದೇ ಅವಳ ಕೆಲಸ ಅತ್ತೆ, ಊರೂರಿಗೆ ಹುಳ ಹಂಚೋದು, ಅಂದೆ.

ಆರು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕೂತು ಶಾಲಾಚೀಲಕ್ಕೆ ಪಟ್ಟಿ ಹೊಲಿಯುತ್ತಾ ಗೋಡೆಯನ್ನೇ ನೋಡಿದ್ದೆ. ಇವತ್ತು ಮಧ್ಯಾಹ್ನವೆಲ್ಲ ಒಂದು ಕಡ್ಡಿಯಷ್ಟಗಲದ ಬಾಗಿಲು ನೋಡುತ್ತಾ ಕೂತಿದ್ದೆ. ಬರುವವರ ಕಾಲಲ್ಲೆಲ್ಲ ಹಳದಿ. ಎಷ್ಟು ಜನ ಅಕ್ಕಾ ಒಂದು ಮನೆಯಲ್ಲಿ! ಒಬ್ಬರೂ ಜಗಳವಾಡಲ್ಲ.

ಫೋನು ಮಾಡಬೇಡ. ಹಾಲಿನ ಡೈರಿಯಲ್ಲಿ ನಾನು ರಿಸೀವರ್ ಎತ್ತಿದರೆ ಎಂಟು ಜನ ಕಿವಿಯಾಗುತ್ತಾರೆ. ಬರೆ.

ನಿನ್ನ ವಟವಟ

*

ಜನವರಿ 21

ವಟವಟ,

ನಿನ್ನ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಎದುರು ಮೇಜಿನ ಟೈಪಿಸ್ಟ್ ಕನ್ನಡಕ ಇಳಿಸಿ ನೋಡಿದಳು.

ಇದರ ಜೊತೆ ಕೈಪಿಡಿ ಕಳಿಸಿದ್ದೇನೆ. ಹೆಸರು ಹಾಕಿಲ್ಲ, ಆದರೆ ಎಲ್ಲ ನಾನೇ ಬರೆದದ್ದು. ಹದಿನಾಲ್ಕನೇ ಪುಟ ತಪ್ಪದೆ ಓದು. ಹುಳ ಚುಚ್ಚಿದ ಜಾಗ ಊದಿದರೆ ಹೆದರಬೇಡ, ಎಲ್ಲರಿಗೂ ಊದುತ್ತದೆ. ಚುಚ್ಚಿದ ಜಾಗ ಬಿಟ್ಟು ಮೈಯೆಲ್ಲ ದದ್ದು ಎದ್ದರೆ, ತಲೆ ಸುತ್ತಿದರೆ, ಉಸಿರು ಕಟ್ಟಿದರೆ ಅದು ಬೇರೆ ವಿಷಯ. ಅಂಥವರು ಆಸ್ಪತ್ರೆಗೆ ಹೋಗಬೇಕು, ಪೆಟ್ಟಿಗೆ ವಾಪಸ್ ಕೊಡಬೇಕು. ಅದು ಆಫೀಸಿನ ನಿಯಮ. ಸಾವಿರಕ್ಕೊಬ್ಬರಿಗೆ ಹಾಗಾಗುತ್ತದೇನೋ.

ಊರಿನಲ್ಲಿ ಇನ್ನೂ ನಾಲ್ಕೈದು ಹೆಂಗಸರನ್ನು ಜೊತೆ ಮಾಡಿಕೋ. ಒಬ್ಬಳೇ ಇದ್ದರೆ ಹವ್ಯಾಸ, ಐವರಿದ್ದರೆ ಕಸುಬು.

ಅಕ್ಕ

*

ಮಾರ್ಚ್ 17

ಅಕ್ಕಾ,

ಐದಲ್ಲ, ಒಂಬತ್ತು ಜನ! ಕಮ್ಮಾರನ ಹೆಂಡತಿ, ಅಂಚೆಯವನ ಅತ್ತಿಗೆ, ಶಾಲೆಯಲ್ಲಿ ಕಸ ಗುಡಿಸುವವಳು, ಅವಳ ಇಬ್ಬರು ಹೆಣ್ಣುಮಕ್ಕಳು, ಹೀಗೆ. ನನ್ನ ನಾಲ್ಕು ಪೆಟ್ಟಿಗೆಯ ಹುಳ ಪಾಲಾಗಿ ಎಂಟು ಪೆಟ್ಟಿಗೆಯಾಗಿವೆ. ಮೊದಲ ಜೇನು ಪೇಟೆಯ ಔಷಧಿ ಅಂಗಡಿಯವನು ಒಂದು ಬಾಟಲಿಯೂ ಬಿಡದೆ ಎತ್ತಿಕೊಂಡು ಹೋದ, ಇನ್ನೂ ಬೇಕಂತೆ. ಚೀಲದ ಕಂಪನಿಗೆ ಇನ್ನು ಹೊಲಿಯಲ್ಲ ಅಂತ ಹೇಳಿ ಕಳಿಸಿದೆ. ಹೇಳಿದ ಮೇಲೆ ಹಾರುವಂತಾಯಿತು.

ಅತ್ತೆ ಪೂರ್ತಿ ಪಕ್ಷ ಬದಲಾಯಿಸಿದ್ದಾರೆ. ಯಾರೇ ಬರಲಿ, "ನಮ್ಮ ಸೊಸೆ ರಾಣಿ ಹುಳಾನ ಕೈಯಲ್ಲಿ ಹಿಡೀತಾಳೆ ಗೊತ್ತಾ" ಅಂತ ಶುರು. ಮೊನ್ನೆ ಬಾವಿಕಟ್ಟೆಯಲ್ಲಿ ಯಾರೋ, ಸೊಸೆಗೆ ಇನ್ನೂ ಮಕ್ಕಳಾಗಲಿಲ್ವಾ ಅಂತ ಕೇಳಿದರಂತೆ. "ಎಂಟು ಸಂಸಾರ ಸಾಕ್ತಿದ್ದಾಳೆ, ಪುರಸೊತ್ತು ಎಲ್ಲಿದೆ" ಅಂದು ಬಂದಿದ್ದಾರೆ. ನಾನು ಒಳಗೆ ಹೋಗಿ ಅತ್ತುಬಿಟ್ಟೆ ಅಕ್ಕಾ. ದುಃಖಕ್ಕಲ್ಲ. ಈ ಮನೆಗೆ ನಾನು ತಂದದ್ದು ಅಂತ ಒಂದಾದರೂ ಇದೆಯಲ್ಲ ಅಂತ.

ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ನನ್ನ ಎಡಗೈ ಊದಿದ ಬನ್ನಿನ ಹಾಗಾಗಿದೆ. ಇವರು ದಿನಾ ಒತ್ತಿ ನೋಡಿ, "ಬೆಂದಿಲ್ಲ ಇನ್ನೂ" ಅನ್ನುತ್ತಾರೆ.

ವಟವಟ

*

ಮೇ 2

ವಟವಟ,

ಒಳ್ಳೆಯ ಸುದ್ದಿ. ನಿನ್ನ ಗುಂಪಿನ ಬಗ್ಗೆ ನಾನು ಬರೆದ ವರದಿ ಮೇಲಿನವರೆಗೂ ಹೋಗಿದೆ. ನೀನು ಜೇನುಹುಟ್ಟಿನ ಚೌಕಟ್ಟು ಎತ್ತಿ ಹಿಡಿದ ಫೋಟೋ ಕೈಪಿಡಿಯ ಹೊಸ ಮುದ್ರಣಕ್ಕೆ ಮುಖಪುಟ. ಸೆಪ್ಟೆಂಬರಿನಲ್ಲಿ ಯೋಜನೆಗೆ ಹಣ ಕೊಡುವವರೇ ನಿನ್ನ ಊರಿಗೆ ಬಂದು ನೋಡುತ್ತಾರೆ. ಅಷ್ಟರಲ್ಲಿ ಒಂಬತ್ತು ಜನ ಹದಿನೈದಾದರೆ ಇನ್ನೂ ಚೆನ್ನ.

ಇಲ್ಲಿ ಎಲ್ಲ ಸರಿಯಾಗಿದೆ. ನಮ್ಮ ಮನೆಯಲ್ಲಿ ಓದಲು ಬರೆಯಲು ಬರುವವಳು ನಾನು, ಮಾತಾಡಲು ಬರುವವಳು ನೀನು ಅಂತ ಅಪ್ಪ ಹೇಳುತ್ತಿದ್ದರು. ಈಗ ಇಬ್ಬರ ವಿದ್ಯೆಯೂ ಒಂದೇ ಕೆಲಸಕ್ಕೆ ಬಂತು ನೋಡು.

ಅಕ್ಕ

*

ಜೂನ್ 11

ಅಕ್ಕಾ,

ಒಂದು ವಿಷಯ ಕೇಳಬೇಕಿತ್ತು. ನನ್ನದಲ್ಲ. ನಮ್ಮಲ್ಲೊಬ್ಬಳಿಗೆ ದದ್ದು ಎದ್ದಿದೆ. ಹೋದ ವಾರ ಮಣಿಕಟ್ಟಿಗೆ ಚುಚ್ಚಿತು, ಆಮೇಲೆ ಅಂಗೈ ಅಂಗಾಲು ನವೆ, ಹೊಟ್ಟೆ ಬೆನ್ನೆಲ್ಲ ಕೆಂಪು ಬೊಬ್ಬೆ, ತುಟಿ ದಪ್ಪ. ಅರ್ಧ ಗಂಟೆ ಮಲಗಿದ ಮೇಲೆ ಕಮ್ಮಿಯಾಯಿತು. ಕಣ್ಣು ಕತ್ತಲೆ ಬಂತು ಅಂತಲೂ ಅಂದಳು. ಅವಳು ತುಂಬ ಒಳ್ಳೆಯ ಕೆಲಸಗಾರ್ತಿ ಅಕ್ಕಾ. ಹದಿನಾಲ್ಕನೇ ಪುಟ ಓದಿದೆ. ಆದರೆ ಪುಸ್ತಕದಲ್ಲಿ ಬರೆಯೋದು ಬೇರೆ, ನಿಜವಾಗಿ ಮಾಡೋದು ಬೇರೆ ಇರುತ್ತಲ್ಲ. ಮಾತ್ರೆ ತಗೊಂಡು, ಕೈಗವಸು ಹಾಕ್ಕೊಂಡು ಮಾಡಬಹುದಾ? ಪೆಟ್ಟಿಗೆ ಕಿತ್ತುಕೊಂಡರೆ ಅವಳಿಗೆ ಮತ್ತೆ ಹಳೇ ಕೆಲಸವೇ ಗತಿ.

ಬೇಗ ಬರೆ. ಅವಳು ದಿನಾ ಕೇಳುತ್ತಾಳೆ.

ವಟವಟ

*

ಜೂನ್ 19

ವಟವಟ,

ಮಾಡಬಾರದು. ಅವಳು ಯಾರೇ ಇರಲಿ, ಎಷ್ಟೇ ಒಳ್ಳೆಯ ಕೆಲಸಗಾರ್ತಿ ಇರಲಿ, ನಾಳೆಯಿಂದಲೇ ಬಿಡಿಸು. ಅವಳ ಪೆಟ್ಟಿಗೆ ಬೇರೆಯವರಿಗೆ ಕೊಡು. ಗುಂಪಿನ ಮುಖ್ಯಸ್ಥೆ ನೀನು, ದಾಕ್ಷಿಣ್ಯ ನೋಡಬೇಡ. ಇಂಥ ಒಂದು ಅನಾಹುತವಾದರೆ ಯೋಜನೆಗೇ ಕೆಟ್ಟ ಹೆಸರು. ಸೆಪ್ಟೆಂಬರ್ ಹತ್ತಿರ ಬರುತ್ತಿದೆ.

ಅವಳಿಗೆ ನಿಯಮ ಅಂತ ಹೇಳು, ನಿನ್ನ ಮೇಲೆ ಬೇಜಾರಾಗುವುದಿಲ್ಲ.

ಅಕ್ಕ

*

ಜುಲೈ 5

ಅಕ್ಕಾ,

ಅಯ್ಯೋ, ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು! ಆ ದದ್ದು ಹುಳದ್ದಲ್ಲವಂತೆ, ಹೊಸ ಸೋಪಿನದಂತೆ. ಗಂಡ ಪೇಟೆಯಿಂದ ವಾಸನೆ ಸೋಪು ತಂದಿದ್ದನಂತೆ, ಪ್ರೀತಿ ಉಕ್ಕಿ. "ಹುಳಕ್ಕಿಂತ ಗಂಡನೇ ಅಪಾಯ, ಅವನನ್ನೇ ವಾಪಸ್ ಕೊಡಬಹುದಾ ಕೇಳು ನಿಮ್ಮಕ್ಕನ್ನ" ಅಂತಾಳೆ. ಸೋಪು ಬಿಟ್ಟಳು, ಎಲ್ಲ ಸರಿಹೋಯಿತು. ನೀನು ನಿಶ್ಚಿಂತೆಯಾಗಿರು.

ಸೂರ್ಯಕಾಂತಿ ಅರಳಿದೆ. ಅತ್ತೆ ನಿನ್ನನ್ನು ಕೇಳಿದರು. ಇವರು ನಿನ್ನನ್ನು ಕೇಳಿದರು. ಎಂಟು ರಾಣಿಯರೂ ನಿನ್ನನ್ನು ಕೇಳಿದರು. ಇನ್ನೇನಿದೆ ಬರೆಯೋಕೆ, ಕೆಲಸ ತುಂಬ.

ವಟವಟ

*

ಆಗಸ್ಟ್ 1

ವಟವಟ,

ಸೋಪಿನ ವಿಷಯ ಓದಿ ಮನಸ್ಸು ಹಗುರಾಯಿತು. ಇನ್ನು ಆ ಮಾತು ಬೇಡ.

ಬರುವವರ ದಿನ ಗೊತ್ತಾಗಿದೆ, ಸೆಪ್ಟೆಂಬರ್ 18. ಐದು ಜನ. ಹೊಸ ಮುಖಪರದೆಗಳನ್ನು ಕಳಿಸುತ್ತೇನೆ, ಹಳೆಯವು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಅಕ್ಕ

*

ಆಗಸ್ಟ್ 28

ಅಕ್ಕಾ,

ಮುಖಪರದೆ ಬಂತು. ಹೊಲಿಗೆ ಸಡಿಲವಾಗಿದೆ, ಕುತ್ತಿಗೆ ಹತ್ತಿರ ಬಿಟ್ಟುಕೊಳ್ಳುತ್ತದೆ, ನಾನೇ ಮತ್ತೆ ಹೊಲಿದೆ.

ಬಂದವರ ಮುಂದೆ ಪೆಟ್ಟಿಗೆ ತೆರೆದು ತೋರಿಸೋದು ಕಮ್ಮಾರನ ಹೆಂಡತಿ ಮಾಡಬಹುದಾ? ಅವಳ ಕೈ ನನ್ನದಕ್ಕಿಂತ ಚೆನ್ನ. ನಾನು ಪಕ್ಕದಲ್ಲಿ ನಿಂತು ಮಾತಾಡುತ್ತೇನೆ. ಅದೇ ತಾನೇ ನನ್ನ ವಿದ್ಯೆ.

ವಟವಟ

*

ಸೆಪ್ಟೆಂಬರ್ 6

ವಟವಟ,

ಬೇಡ. ಮುಖಪುಟದಲ್ಲಿರುವುದು ನೀನು, ಅವರು ನೋಡಲು ಬರುವುದು ನಿನ್ನನ್ನು. ನೀನೇ ತೆರೆಯಬೇಕು. ಸಾವಿರ ಜನರ ಮುಂದೆ ಹರಟೆ ಹೊಡೆಯುವವಳಿಗೆ ಐದು ಜನರ ಮುಂದೆ ನಾಚಿಕೆಯೇ? ಎರಡು ದಿನ ಮೊದಲು ಎಲ್ಲ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ಸ್ವಚ್ಛ ಮಾಡಿ ಅಭ್ಯಾಸ ಮಾಡಿಕೋ. ಧೈರ್ಯ ತಾನಾಗಿ ಬರುತ್ತದೆ.

ಅಕ್ಕ

*

ಸೆಪ್ಟೆಂಬರ್ 29

ಅಕ್ಕನವರಿಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಮ್ಮ ಮನೆಯ ಕಾಗದವೆಲ್ಲ ಅವಳೇ ಬರೆಯುತ್ತಿದ್ದಳು.

ಅವಳನ್ನು ಮಣ್ಣು ಮಾಡಿದ ದಿನ, ಹೇಗಾಯಿತು ಅಂತ ನೀವು ಅಂಗಳದಲ್ಲಿ ಕೇಳಿದಿರಿ. ನಾನು ಬಂದವರಿಗೆ ನೀರು ತರುವ ನೆಪದಲ್ಲಿ ಒಳಗೆ ಹೋದೆ. ನೀವೂ ಸಂಜೆಯ ಬಸ್ಸಿಗೆ ಹೊರಟುಬಿಟ್ಟಿರಿ. ಈಗ ಬರೆಯುತ್ತೇನೆ.

ಹದಿನಾರನೇ ತಾರೀಖು ನಾನು ಎಂದಿನಂತೆ ಹಾಲು ತುಂಬಿಕೊಂಡು ಹೋಗಿದ್ದೆ. ಅಮ್ಮ ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಇವಳು ಆರನೇ ಪೆಟ್ಟಿಗೆ ತೆರೆದಿದ್ದಳಂತೆ, ಬರುವವರಿಗೆ ಹೇಳುವ ಮಾತನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ. "ಇದು ರಾಣಿಯ ಕೋಣೆ, ದಯವಿಟ್ಟು ಹಿಂದೆ ನಿಲ್ಲಿ" ಅಂತ. ಒಂದೇ ಹುಳ ಪರದೆಯೊಳಗೆ ಸೇರಿ ಕಿವಿಯ ಹಿಂದೆ ಚುಚ್ಚಿತಂತೆ. ಮುಚ್ಚಳ ಸರಿಯಾಗಿ ಮುಚ್ಚಿದಳಂತೆ. ಮುಖಪರದೆ ತೆಗೆದು ಮಡಿಸಿದಳಂತೆ. ಆಮೇಲೆ ಗೋಡೆ ಹಿಡಿದು ಕೂತು, "ಅತ್ತೆ, ನೀರು" ಅಂದಳಂತೆ. ಅಮ್ಮ ನೀರು ತರುವಷ್ಟರಲ್ಲಿ ಗಂಟಲು ಕಟ್ಟಿ ಕುಡಿಯಲಾಗಲಿಲ್ಲ. ಕಮ್ಮಾರ ಬೈಕು ತಂದ. ಬೈಕಿನ ಮೇಲೆ ಅವನ ಹೆಂಡತಿ ಅವಳನ್ನು ತಬ್ಬಿ ಹಿಡಿದು ಕೂತಳು. ಸೇತುವೆ ಹತ್ತಿರ ನನ್ನ ಗಾಡಿ ಎದುರಾಯಿತು. ಬೈಕು ನಿಂತಿತ್ತು. ಯಾಕೆ ನಿಲ್ಲಿಸಿದ್ರಿ, ಹೋಗಿ, ಅಂತ ನಾನು ಕೂಗಿದೆ. ಕಮ್ಮಾರನ ಹೆಂಡತಿ ತಲೆ ಅಲ್ಲಾಡಿಸಿದಳು.

ಹೊಲಿಗೆ ಯಂತ್ರದ ಖಾನೆಯಲ್ಲಿ ಖಾಲಿ ಮಾತ್ರೆ ಪಟ್ಟಿಗಳು ಸಿಕ್ಕವು. ಹನ್ನೊಂದು. ಔಷಧಿ ಅಂಗಡಿಯವನನ್ನು ಕೇಳಿದೆ. ನವೆ, ದದ್ದಿಗೆ ಕೊಡುವ ಮಾತ್ರೆಯಂತೆ, ಜೂನ್‌ನಿಂದ ಕೊಳ್ಳುತ್ತಿದ್ದಳಂತೆ. ನನಗೆ ಒಂದು ಮಾತೂ ಹೇಳಿಲ್ಲ. ದಿನಾ ಒಂದೇ ತಟ್ಟೆಯ ಎದುರು ಕೂತವನಿಗೆ ಗೊತ್ತಾಗಲಿಲ್ಲ.

ನಿಮಗೆ ಏನಾದರೂ ಬರೆದಿದ್ದಳಾ? ಅದೊಂದು ಹೇಳಿ.

*

ನವೆಂಬರ್ 2

ಅಕ್ಕನವರಿಗೆ,

ಉತ್ತರ ಬರಲಿಲ್ಲ. ಅಂಚೆಯವನನ್ನು ದಿನಾ ಕೇಳುತ್ತಿದ್ದೇನೆ.

ಹೆಂಗಸರು ಪೆಟ್ಟಿಗೆ ಎಲ್ಲ ವಾಪಸ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಕೆಲವರು ಮತ್ತೆ ಚೀಲದ ಕಂಪನಿಗೆ ಹೊಲಿಯಲು ಶುರು ಮಾಡಿದ್ದಾರೆ. ಅವಳ ಎಂಟು ಪೆಟ್ಟಿಗೆ ಇದ್ದಲ್ಲೇ ಇವೆ. ಸುಟ್ಟುಹಾಕೋಣ ಅಂತ ಎರಡು ಸಲ ಸೀಮೆಎಣ್ಣೆ ಹಿಡಿದು ಹೋದೆ. ಅಮ್ಮ ಅಡ್ಡ ನಿಂತಳು.

*

ನವೆಂಬರ್ 11

ಭಾವನವರಿಗೆ,

ಬರೆದಿದ್ದಳು.

ಜೂನ್ 11ರ ಕಾಗದದಲ್ಲಿ, ನಮ್ಮಲ್ಲೊಬ್ಬಳಿಗೆ ದದ್ದು ಎದ್ದಿದೆ ಅಂತ ಬರೆದಿದ್ದಳು. ಯಾರು ಅಂತ ಬರೆದಿರಲಿಲ್ಲ. ಬಿಡಿಸು, ಪೆಟ್ಟಿಗೆ ಕಿತ್ತುಕೋ ಅಂತ ನಾನು ಉತ್ತರ ಕೊಟ್ಟೆ. ಆಮೇಲೆ ಅದು ಸೋಪಿನಿಂದ ಆದದ್ದು ಅಂತ ಬರೆದಳು.

ಇಷ್ಟೇ ಆಗಿದ್ದರೆ ನಾನು ಅಂದೇ ಅಂಗಳದಲ್ಲಿ ಹೇಳುತ್ತಿದ್ದೆ. ಇಷ್ಟೇ ಅಲ್ಲ.

ಆ ಕಾಗದದಲ್ಲಿ ಒಂದು ಕಡೆ ಒಂದು ಪದ ಬರೆದು ಹೊಡೆದುಹಾಕಿದ್ದಳು, ಮೇಲೆ "ಅವಳಿಗೆ" ಅಂತ ಬರೆದಿದ್ದಳು. ನಾನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೆಳಗೆ "ನನಗೆ" ಅಂತಿತ್ತು. ಕೈತಪ್ಪು ಇರಬಹುದು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸುಳ್ಳು. ಅಂದುಕೊಳ್ಳಲು ಇಷ್ಟಪಟ್ಟೆ. ಆ ಹೊತ್ತಿಗೆ ಯೋಜನೆಯ ಉಳಿದ ಆರು ಊರುಗಳಲ್ಲಿ ಹುಳ ಹೋಗಿ ಹೆಚ್ಚಿನ ಪೆಟ್ಟಿಗೆಗಳು ಖಾಲಿಯಾಗಿದ್ದವು. ತೋರಿಸುವಂತೆ ಉಳಿದದ್ದು ಅವಳ ಗುಂಪೊಂದೇ. ಅದು ಬಿದ್ದರೆ ನನ್ನ ಹನ್ನೆರಡು ವರ್ಷದ ಕೆಲಸ ಬಿದ್ದ ಹಾಗೆ. ಇದನ್ನು ಅವಳಿಗೆ ಬರೆಯಲಿಲ್ಲ, ಎಲ್ಲ ಸರಿಯಾಗಿದೆ ಅಂತ ಬರೆದೆ. "ಅದು ನೀನಾ?" ಅಂತ ಒಂದು ಸಾಲು ಬರೆಯಲಿಲ್ಲ. ಸೋಪು ಅಂದಾಗ, ನಂಬಿಕೆಯಿಂದಲ್ಲ, ಅನುಕೂಲಕ್ಕೆ ನಂಬಿದೆ.

ಕೊನೆಗೆ, ಬೇರೆಯವರು ಪೆಟ್ಟಿಗೆ ತೆರೆಯಬಹುದಾ ಅಂತ ಕೇಳಿದಳು. ನೀನೇ ತೆರೆ, ಎರಡು ದಿನ ಮೊದಲು ಅಭ್ಯಾಸ ಮಾಡು ಅಂತ ಬರೆದವಳು ನಾನು.

ಅವಳ ಕಾಗದಗಳನ್ನೆಲ್ಲ ಇದರ ಜೊತೆ ಕಳಿಸುತ್ತಿದ್ದೇನೆ. ನಿಮ್ಮ ಮನೆಯಲ್ಲಿರಬೇಕಾದವು. ಒಮ್ಮೆ ಬಂದು ಅತ್ತೆಯವರನ್ನು ನೋಡಬಹುದೇ?

*

ಜನವರಿ 20

ಮೇಡಂ,

ಬರಬೇಡಿ.

ಕಾಗದಗಳನ್ನು ಓದಿದೆ. ಅಮ್ಮನಿಗೂ ಓದಿ ಹೇಳಿದೆ. ನಿಮ್ಮದನ್ನು ಅವಳು ಎರಡು ಸಲ ಓದಿಸಿದಳು. "ಅವಳು ಕೇಳ್ಲಿಲ್ಲ, ಇವಳು ಹೇಳ್ಲಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದವರು" ಅಂದಳು. ಆಮೇಲೆ, "ಬಾವಿಕಟ್ಟೇಲಿ ನಾನು ಅಷ್ಟು ಜಂಬ ಕೊಚ್ಚಿಕೊಳ್ದೇ ಇದ್ದಿದ್ರೆ ಹೇಳ್ತಿದ್ಲೇನೋ" ಅಂತ ಅತ್ತಳು. ಅಮ್ಮ ನಿಮ್ಮ ತಪ್ಪಿನ ಪಾಲನ್ನು ಹೀಗೆ ಹಂಚಿಕೊಳ್ಳುತ್ತಾಳೆ. ನನಗೆ ಹಾಗೆ ಆಗುವುದಿಲ್ಲ. ನೀವು ಬೆಳಕಿಗೆ ಹಿಡಿದು ನೋಡಿದಿರಿ. ನನಗೆ ತೋರಿಸಿದ್ದರೆ ನಾನು ಅವತ್ತೇ ಎಂಟನ್ನೂ ಗಾಡಿಗೆ ಹಾಕಿ ನಿಮ್ಮ ಆಫೀಸಿನ ಬಾಗಿಲಿಗೆ ತಂದು ಇಳಿಸುತ್ತಿದ್ದೆ. ಅವಳು ಒಂದು ವರ್ಷ ನನ್ನ ಜೊತೆ ಮಾತು ಬಿಡುತ್ತಿದ್ದಳು. ಬಿಡಲಿ.

*

ಮಾರ್ಚ್ 6

ಭಾವನವರಿಗೆ,

ಬರುವುದಿಲ್ಲ. ಕ್ಷಮಿಸಿ ಅಂತಲೂ ಕೇಳುವುದಿಲ್ಲ. ಆದದ್ದನ್ನು ಮಾತ್ರ ತಿಳಿಸುತ್ತೇನೆ, ಹೆಂಗಸರಿಗೆ ಹೇಳಿ.

ಹಣ ಕೊಡುವವರ ಮುಂದೆ ಎಲ್ಲವನ್ನೂ, ನನ್ನ ಕಾಗದಗಳನ್ನೂ ಸೇರಿಸಿ, ಇಟ್ಟೆ. ನನ್ನನ್ನು ಆ ಮೇಜಿನಿಂದ ತೆಗೆದಿದ್ದಾರೆ. ಈಗ ಗೋದಾಮಿನಲ್ಲಿದ್ದೇನೆ. ಹೋಗುವ ಮೊದಲು ಎರಡು ಕೆಲಸ ಮಾಡಿಸಿದೆ. ನಿಮ್ಮ ಊರಿನ ಡೈರಿಯಲ್ಲಿ ಉಸಿರು ಕಟ್ಟಿದಾಗ ಕೊಡುವ ಸೂಜಿಮದ್ದು ಇಡುತ್ತಾರೆ. ನರ್ಸ್ ಬಂದು ಅದನ್ನು ಕೊಡುವುದು ಹೇಗೆ ಅಂತ ಮೂವರಿಗೆ ಕಲಿಸುತ್ತಾಳೆ. ಪೆಟ್ಟಿಗೆ ಮುಟ್ಟುವ ಪ್ರತಿಯೊಬ್ಬರನ್ನೂ, ಮೊದಲು ಚುಚ್ಚಿದಾಗ ಏನೇನಾಯಿತು ಅಂತ ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳುತ್ತಾಳೆ.

ಇನ್ನೊಂದು, ಹದಿನಾಲ್ಕನೇ ಪುಟ. ದದ್ದು ಎದ್ದವರು ಪೆಟ್ಟಿಗೆ ವಾಪಸ್ ಕೊಡಬೇಕು ಅಂತ ಅಲ್ಲಿತ್ತು. ಆಮೇಲೆ ಅವರು ಏನು ಮಾಡಬೇಕು ಅಂತ ಇರಲಿಲ್ಲ. ಈಗ ಇದೆ. ಅವರು ಗುಂಪಿನಲ್ಲೇ ಇರುತ್ತಾರೆ, ಪಾಲೂ ಅಷ್ಟೇ. ಚೌಕಟ್ಟು ಕಟ್ಟಬಹುದು, ಮೇಣ ಕಾಯಿಸಬಹುದು, ಬಾಟಲಿ ತುಂಬಬಹುದು, ಮುಖಪರದೆ ಹೊಲಿಯಬಹುದು. ನೆರೆಯ ಊರಿನಲ್ಲಿ ಇಬ್ಬರು ತಾವಾಗಿ ಮುಂದೆ ಬಂದು ತಮಗೂ ಮೈಯೆಲ್ಲ ದದ್ದು ಅಂತ ಹೇಳಿದ್ದಾರೆ. ಒಬ್ಬಳು ಎರಡು ವರ್ಷದಿಂದ ಮುಚ್ಚಿಟ್ಟಿದ್ದಳಂತೆ.

ಮುಖಪರದೆ ಹೊಲಿಯುವ ಕೆಲಸ. ಮೂರು ಪದ. ಜೂನ್ ತಿಂಗಳಲ್ಲಿ ಹೊಳೆಯಲಿಲ್ಲ.

*

ಏಪ್ರಿಲ್ 30

ಅಕ್ಕನವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ.

ನರ್ಸ್ ಬಂದಿದ್ದಳು. ಏಳು ಜನ ಮತ್ತೆ ಶುರು ಮಾಡಿದ್ದಾರೆ. ಅವಳ ಎಂಟು ಪೆಟ್ಟಿಗೆಯಲ್ಲಿ ಮೂರರ ಹುಳ ಹಾರಿಹೋಗಿದ್ದವು, ನಾನೇ ನೋಡಿಕೊಳ್ಳಲಿಲ್ಲ. ನಾಲ್ಕನ್ನು ಕಮ್ಮಾರನ ಹೆಂಡತಿ ತೆಗೆದುಕೊಂಡು ಹೋದಳು. ಉಳಿದ ಒಂದನ್ನು ಅಮ್ಮ ಬಿಡಲಿಲ್ಲ. ತನಗೇ ಬೇಕಂತೆ. ಈ ವಯಸ್ಸಿನಲ್ಲಿ! ನಾನು ಮೂರು ದಿನ ಅವಳ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ನರ್ಸ್ ಹತ್ತಿರ ಹೋಗಿ ಸೂಜಿ ಹಾಕುವುದು ನಾನೂ ಕಲಿತೆ.

ನಿನ್ನೆ ಅಮ್ಮ ಪೆಟ್ಟಿಗೆ ತೆರೆದಳು. ನಾನು ಸೂಜಿಯ ಡಬ್ಬಿ ಹಿಡಿದು ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದೆ, ಗಾಡಿಯ ಎಂಜಿನ್ ಚಾಲು ಇಟ್ಟು. ಅಂಗಿ ಪೂರ್ತಿ ಒದ್ದೆಯಾಯಿತು. ಒಂದು ಹುಳ ಅವಳ ಹೆಬ್ಬೆರಳಿಗೆ ಚುಚ್ಚಿತು. ಅಮ್ಮ ಬೆರಳು ನೋಡಿಕೊಂಡಳು, ನಾನು ಗಡಿಯಾರ ನೋಡಿದೆ. ಐದು ನಿಮಿಷ, ಹತ್ತು, ಇಪ್ಪತ್ತು. ಬೆರಳು ಸ್ವಲ್ಪ ಊದಿತು. ಅಷ್ಟೇ. ಅಮ್ಮ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ನಾನು ಗಾಡಿಯೊಳಗೆ ಕೂತು, ಎಂಜಿನ್ ಆರಿಸದೆ, ಬಾಯಿಬಿಟ್ಟು ಅತ್ತೆ. ಇಷ್ಟೇ ಆಗಬೇಕಿತ್ತು ಅವಳಿಗೂ. ಇಲ್ಲವೇ ಯಾರಾದರೂ ಹೀಗೆ ಹಿಂದೆ ನಿಂತಿರಬೇಕಿತ್ತು.

ನನ್ನ ಕೋಪ ಹೋಗಿಲ್ಲ. ಹೋಗುತ್ತದೆ ಅಂತ ಬರೆದರೆ ಸುಳ್ಳಾಗುತ್ತದೆ, ಸುಳ್ಳು ಬರೆದು ನಮ್ಮಲ್ಲಿ ಆದದ್ದು ಸಾಕು. ಆದರೆ ಅಮ್ಮ ನಿಮ್ಮ ಕಾಗದಕ್ಕೆ ಕಾಯುತ್ತಾಳೆ. ಅವಳ ಪೆಟ್ಟಿಗೆಯಲ್ಲಿ ಮರಿಗಳು ಒಂದು ಕಡೆ ಸೀಮೆಸುಣ್ಣದ ಹಾಗೆ ಬೆಳ್ಳಗೆ ಗಟ್ಟಿಯಾಗಿವೆಯಂತೆ, ಯಾಕೆ ಅಂತ ಕೇಳಲು ಹೇಳಿದ್ದಾಳೆ. ಬರೆಯಿರಿ. ಓದಿ ಹೇಳುತ್ತೇನೆ.